‘ಮಾರಿದರು’ ಎಂಬ ಒಂದು ಪದ: ಕಾಂಕರ್ಡ್ ಊರಿನ ಫಲಕದ ಹಿಂದಿನ ಕತೆ

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕಾಂಕರ್ಡ್ ಅಂತ ಒಂದು ಸಣ್ಣ ಊರಿದೆ. ಅಲ್ಲಿನ ಒಂದು ಫಲಕ ಊರು ಹುಟ್ಟಿದ ಕತೆ ಹೇಳುತ್ತದೆ. ಪಾದ್ರಿ ಪೀಟರ್ ಬಲ್ಕ್‌ಲಿಯ ಮನೆ ಇಲ್ಲಿತ್ತಂತೆ. 1636ರಲ್ಲಿ ಆ ಮನೆಯಲ್ಲೇ ಸ್ಕ್ವಾ ಸೇಚಮ್, ತಹತ್ತವಾನ್ ಮತ್ತು ಇತರ ಮೂಲನಿವಾಸಿಗಳ ಜೊತೆ ಮಾತುಕತೆ ನಡೆಯಿತಂತೆ. ಅವರು ಆರು ಮೈಲಿ ಉದ್ದ, ಆರು ಮೈಲಿ ಅಗಲದ ನೆಲದ ಹಕ್ಕನ್ನು ಇಂಗ್ಲಿಷರಿಗೆ ಮಾರಿ, ಶಾಂತಿಯಿಂದ ಬಿಟ್ಟುಕೊಟ್ಟರಂತೆ.

ಓದಲು ಚೆನ್ನಾಗಿದೆ. ಆದರೆ ‘ಮಾರಿದರು’ ಎಂಬಲ್ಲಿ ಸ್ವಲ್ಪ ನಿಲ್ಲಬೇಕು.

ಊರು ಮಂಜೂರಾದದ್ದು 1635ರ ಸೆಪ್ಟೆಂಬರ್‌ನಲ್ಲಿ. ವಸಾಹತಿನ ಆಡಳಿತ ಸಭೆಯಾದ ಜನರಲ್ ಕೋರ್ಟ್, ಬಲ್ಕ್‌ಲಿ, ತುಪ್ಪಳದ ವ್ಯಾಪಾರಿ ಸೈಮನ್ ವಿಲ್ಲರ್ಡ್ ಮತ್ತು ಅವರ ಸಂಗಡಿಗರಿಗೆ ಈ ನೆಲ ಕೊಟ್ಟಿತು. ಆಗಲೇ ಕಾಂಕರ್ಡ್ ಎಂಬ ಹೆಸರನ್ನೂ ಇಟ್ಟಿತು. ಹಾಗೆಂದರೆ ಒಮ್ಮತ. ಅಲ್ಲಿ ಬದುಕಿದ್ದವರ ಬಾಯಲ್ಲಿ ಆ ಜಾಗ ಮಸ್ಕೆಟಾಕ್ವಿಡ್, ಅಂದರೆ ಹುಲ್ಲು ತುಂಬಿದ ನೆಲ. ಮೊದಲು ಮಂಜೂರಾತಿ, ಆಮೇಲೆ ಮಾತುಕತೆ. ಈ ಕ್ರಮ ಫಲಕದಲ್ಲಿ ಕಾಣುವುದಿಲ್ಲ.

ಮಾತಿಗೆ ಕೂತ ಎರಡು ಕಡೆಯವರ ಬಲ ಒಂದೇ ಆಗಿರಲಿಲ್ಲ. 1616ರಿಂದ 1619ರವರೆಗೆ ಹಬ್ಬಿದ ರೋಗ ಕರಾವಳಿಯ ಎಷ್ಟೋ ಹಳ್ಳಿಗಳನ್ನು ಬರಿದು ಮಾಡಿತ್ತು. 1633ರಲ್ಲಿ ಸಿಡುಬು ಬಂತು. ಸ್ಕ್ವಾ ಸೇಚಮ್ ಗಂಡ ಸತ್ತ ಮೇಲೆ ತನ್ನ ಜನರನ್ನು ಮುನ್ನಡೆಸಿದವಳು. ಅದು ಅವಳ ಹೆಸರೂ ಅಲ್ಲ, ‘ಮುಖ್ಯಸ್ಥೆ’ ಎಂಬ ಪದವಿ ಅಷ್ಟೇ. ಅವಳ ನಿಜವಾದ ಹೆಸರನ್ನು ಯಾರೂ ಬರೆದಿಡಲಿಲ್ಲ.

ಕೊಟ್ಟ ಬೆಲೆ ಏನು? ಚಿಪ್ಪಿನ ಮಣಿ, ಕೈಗೊಡಲಿ, ಗುದ್ದಲಿ, ಚಾಕು, ಹತ್ತಿ ಬಟ್ಟೆ, ಅಂಗಿ. ಅವಳ ಎರಡನೇ ಗಂಡನಿಗೆ ಒಂದು ಜೊತೆ ಉಡುಪು, ಟೋಪಿ, ಬೂಟು, ಕಾಲುಚೀಲ, ದೊಡ್ಡ ಕೋಟು. ಇದಕ್ಕೆ ಬದಲಾಗಿ ಹೋದದ್ದು 36 ಚದರ ಮೈಲಿ, ಅಂದರೆ 23,000 ಎಕರೆಗೂ ಜಾಸ್ತಿ. ಆ ಜನರಲ್ಲಿ ನೆಲ ಕೊಡುವುದು ಎಂದರೆ ಸಾಮಾನ್ಯವಾಗಿ ಜೊತೆಯಲ್ಲಿ ಬಳಸಲು ಬಿಡುವುದು. ಬೇಟೆ, ಮೀನು, ಬೆಳೆ ಎಲ್ಲ ಬಿಟ್ಟು ಹೊರಟುಹೋಗುವುದಲ್ಲ. ಇಂಗ್ಲಿಷರಿಗೆ ಅದು ಪೂರ್ತಿ ಕ್ರಯ.

ಇನ್ನು ಕ್ರಯಪತ್ರ. ಅದು ಉಳಿದಿಲ್ಲ. ಬೆಲೆಯ ಈ ವಿವರ ಸಿಗುವುದು 1684ರ ಹೇಳಿಕೆಗಳಲ್ಲಿ, ಅಂದರೆ ಸುಮಾರು 48 ವರ್ಷ ಆದ ಮೇಲೆ. ಜೆಹೋಜಕಿನ್, ಜೆತ್ರೋ ಎಂಬ ಇಬ್ಬರು ಮೂಲನಿವಾಸಿಗಳೂ ಕೆಲವು ಹಳೆಯ ಇಂಗ್ಲಿಷರೂ ಸಾಕ್ಷಿ ಹೇಳಿದರು. ಅಷ್ಟು ತಡವಾಗಿ ಯಾಕೆ? ಆ ಹೊತ್ತಿಗೆ ಲಂಡನ್ನಿನಲ್ಲಿ ವಸಾಹತಿನ ಸನ್ನದಿಗೇ, ಅಂದರೆ ರಾಜ ಕೊಟ್ಟ ಅಧಿಕಾರಪತ್ರಕ್ಕೇ, ಕುತ್ತು ಬಂದಿತ್ತು. 1684ರಲ್ಲೇ ಅದು ರದ್ದಾಯಿತು. ಸನ್ನದಿಲ್ಲದಿದ್ದರೆ ಅದು ಮಂಜೂರು ಮಾಡಿದ ನೆಲದ ಗತಿ ಏನು? ಆ ಭಯಕ್ಕೆ ಊರೂರುಗಳು ‘ನಾವು ಕೊಂಡಿದ್ದೇವೆ’ ಎಂಬ ದಾಖಲೆ ಹುಡುಕತೊಡಗಿದವು. ರಾಜ ಕಳಿಸಿ 1686ರಲ್ಲಿ ಬಂದ ಗವರ್ನರ್ ಎಡ್ಮಂಡ್ ಆಂಡ್ರೋಸ್‌ಗೆ ಅದೂ ಸಾಲಲಿಲ್ಲ. ಮೂಲನಿವಾಸಿಯ ರುಜು ಕರಡಿ ಪಂಜದ ಗೀರಿಗಿಂತ ಹೆಚ್ಚೇನಲ್ಲ ಎಂಬ ಮಾತು ಅವನ ಹೆಸರಿನಲ್ಲಿ ಇಂದಿಗೂ ಉಳಿದಿದೆ. ಅಂದರೆ ಆ ಸಾಕ್ಷಿ ಬೇಕಾಗಿದ್ದದ್ದು ಮೂಲನಿವಾಸಿಗಳಿಗಲ್ಲ. ಇಂಗ್ಲಿಷರಿಗೆ, ಅದೂ ತಮ್ಮದೇ ರಾಜನ ಎದುರು.

ನನಗೆ ತುಂಬಾ ನೋವಾಗುವುದು ಇನ್ನೊಂದು ಸಂಗತಿಗೆ. 1675ರಲ್ಲಿ ಇಂಗ್ಲಿಷರಿಗೂ ಮೂಲನಿವಾಸಿಗಳಿಗೂ ಯುದ್ಧ ಶುರುವಾದಾಗ, ಹತ್ತಿರದ ನಶೋಬಾದ 58 ಕ್ರೈಸ್ತ ಮೂಲನಿವಾಸಿಗಳು ಕಾಂಕರ್ಡ್‌ನಲ್ಲಿ ಜಾನ್ ಹೋರ್ ಎಂಬವರ ಆಸರೆಯಲ್ಲಿದ್ದರು. 1676ರ ಆರಂಭದಲ್ಲಿ ಕ್ಯಾಪ್ಟನ್ ಸ್ಯಾಮ್ಯುಯೆಲ್ ಮೋಸ್ಲಿಯ ಸೈನಿಕರು ಬಂದು, ಹೋರ್ ಬೇಡವೆಂದರೂ ಕೇಳದೆ, ಅವರನ್ನು ಒಯ್ದರು. ಬಾಸ್ಟನ್ ಬಂದರಿನ ಡಿಯರ್ ದ್ವೀಪದಲ್ಲಿ ಕೂಡಿಹಾಕಿದರು. ಆ ಚಳಿಗಾಲ ದ್ವೀಪದಲ್ಲಿ ಹಸಿವಿನಿಂದ, ಚಳಿಯಿಂದ ಅನೇಕರು ಸತ್ತರು. ‘ಶಾಂತಿಯಿಂದ ಬಿಟ್ಟುಕೊಟ್ಟರು’ ಎಂಬ ಸಾಕ್ಷಿ ಬರೆಸಿಕೊಂಡದ್ದು ಇದಾಗಿ ಎಂಟೇ ವರ್ಷಕ್ಕೆ.

ಅದೇ ಕಾಂಕರ್ಡ್‌ನಲ್ಲಿ ಎರಡು ನದಿ ಕೂಡುವ ಕಡೆ ಎಗ್ ರಾಕ್ ಎಂಬ ಬಂಡೆಯಿದೆ. ಊರಿಗೆ 250 ವರ್ಷ ತುಂಬಿದ 1885ರಲ್ಲಿ ಅದರ ಮೇಲೂ ಕೆಲವು ಸಾಲು ಕೆತ್ತಿದರು. ಬಿಳಿಯರು ಬರುವ ಮೊದಲು ಮಸ್ಕೆಟಾಕ್ವಿಡ್‌ನ ಮೂಲನಿವಾಸಿಗಳು ಇಲ್ಲಿ, ಈ ದಂಡೆಗಳಲ್ಲಿ ಬದುಕಿದ್ದರು ಎಂದು ಅದು ಹೇಳುತ್ತದೆ. ಅಲ್ಲಿ ಅವರಿಗೆ ಬಳಸಿದ ಪದ ‘ಒಡೆಯರು’.