ಒಂಬತ್ತಕ್ಕೆ ಗೇಟು ಬೀಳುವ ಹೆದ್ದಾರಿ

ಗುಂಡ್ಲುಪೇಟೆ ದಾಟಿ ಕೇರಳದ ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯ ಕಡೆ ಹೊರಟ ತರಕಾರಿ ಲಾರಿಯ ಚಾಲಕನಿಗೆ ರಾತ್ರಿ ಎಂಟೂವರೆಯಾದರೆ ಗಡಿಯಾರದ ಮೇಲೇ ಕಣ್ಣು. ಒಂಬತ್ತಕ್ಕೆ ಬಂಡೀಪುರ ಕಾಡಿನ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ, ಮತ್ತೆ ಏಳುವುದು ಬೆಳಿಗ್ಗೆ ಆರಕ್ಕೆ. ತಡವಾದವನು ಲಾರಿಯನ್ನು ಬದಿಗೆ ಹಾಕಿ, ಟೊಮೆಟೊ ಹಾಳಾದೀತೆಂದು ಗೊಣಗುತ್ತ ಸೀಟಿನಲ್ಲೇ ಮುದುರಿಕೊಳ್ಳುತ್ತಾನೆ. ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲೂ ಇದೇ ಕಟ್ಟಳೆ.

1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಅದರೊಳಗೆ ಹಾದ ಎರಡು ರಸ್ತೆಗಳು ಆಗಲೂ ಇದ್ದವು. ವಾಹನಗಳು ಕಡಿಮೆಯಿದ್ದುದರಿಂದ ಅವು ಯಾರಿಗೂ ತೊಡಕಾಗಿ ಕಂಡಿರಲಿಲ್ಲ. ಅಗಲವಾದ ನುಣುಪು ಡಾಂಬರಿನ ಮೇಲೆ ವೇಗ ಹೆಚ್ಚಿದಂತೆ ಪ್ರಾಣಿಗಳ ಸಾವುಗಳೂ ಹೆಚ್ಚಿದವು. ಹೆಡ್‌ಲೈಟಿಗೆ ಕಣ್ಣು ಕೋರೈಸಿದ ಜಿಂಕೆ ಓಡುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ.

2009ರ ಜೂನ್ ಆರಂಭದಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಷೇಧಿಸಿದರು. ಕೇರಳದಿಂದ ಒತ್ತಡ ಬಂತು, ವಾರ ಕಳೆಯುವಷ್ಟರಲ್ಲಿ ಆದೇಶ ವಾಪಸಾಯಿತು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಜುಲೈನಲ್ಲಿ ನಿಷೇಧ ಮರಳಿ ಬಂತು, 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಮತ್ತು ಬೆರಳೆಣಿಕೆಯ ಬಸ್ಸುಗಳಿಗಷ್ಟೇ ವಿನಾಯಿತಿ. ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ನಡುವೆ ಹೆದ್ದಾರಿಗಳ ಸಂಖ್ಯೆ ಬದಲಾಗಿ 212 ಎಂಬುದು 766 ಆಯಿತು, 67 ಎಂಬುದು 181 ಆಯಿತು. ವ್ಯಾಜ್ಯ ಮಾತ್ರ ಹಳೆಯದೇ.

ವಯನಾಡಿನವರ ಅಳಲನ್ನು ಬರೀ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ಬೆಟ್ಟದ ಮೇಲಿನ ಆ ಜಿಲ್ಲೆಗೆ ರೈಲಿಲ್ಲ, ಕೆಳಗಿಳಿಯಲು ಘಟ್ಟದ ತಿರುವುಗಳೇ ಗತಿ. ಸುಪ್ರೀಂ ಕೋರ್ಟ್ 2019ರಲ್ಲಿ ಹಗಲಿನಲ್ಲೂ ಏಕೆ ಮುಚ್ಚಬಾರದೆಂದು ಕೇಳಿದಾಗ ಬತ್ತೇರಿಯಲ್ಲಿ ಉಪವಾಸ ಕೂತರು. ಅದಕ್ಕೂ ಮುಂಚೆ ಕೇಂದ್ರ ಒಂದು ಉಪಾಯ ಮುಂದಿಟ್ಟಿತ್ತು: ಕಾಡಿನೊಳಗೆ ಐದು ಕಡೆ ಮೇಲ್ಸೇತುವೆ ಕಟ್ಟುವುದು, ಕೆಳಗೆ ಪ್ರಾಣಿಗಳು ಓಡಾಡಲಿ. ಕಂಬ ನೆಡಲು ವರ್ಷಗಟ್ಟಲೆ ಜೆಸಿಬಿ, ಕಾಂಕ್ರೀಟು ಕಾಡಿಗೆ ನುಗ್ಗುವುದನ್ನು ನೆನೆದರೆ ಕರ್ನಾಟಕ ಒಪ್ಪದಿದ್ದುದೇ ಸರಿ ಅನ್ನಿಸುತ್ತದೆ.

ಬದಲಿ ದಾರಿ ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ. ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಆದರೆ ಅದೂ ನಾಗರಹೊಳೆಯ ಅಂಚನ್ನು ಸವರಿಕೊಂಡೇ ಹೋಗುತ್ತದೆ. ಆ ರಸ್ತೆಯ ಮತ್ತಿಗೋಡಿನಲ್ಲಿ 2018ರ ಅಕ್ಟೋಬರ್‌ನ ಒಂದು ರಾತ್ರಿ ಬಸ್ಸು ಡಿಕ್ಕಿಯಾಗಿ ಸತ್ತದ್ದು ಶಿಬಿರದ ಆನೆ ರಂಗ. ಒಂದು ಕಾಡಿನ ಗೇಟು ಮುಚ್ಚಿದರೆ ವಾಹನ ಇನ್ನೊಂದು ಕಾಡಿನ ಮಗ್ಗುಲಿಗೆ ಹೊರಳುತ್ತದೆ.

ನನ್ನ ತಕರಾರು ಬೇರೆ. ಹದಿನೈದು ವರ್ಷ ನಾವು ರಾತ್ರಿಯ ಒಂಬತ್ತು ಗಂಟೆಗಳ ಬಗ್ಗೆ ಜಗಳವಾಡಿದೆವು. ಹಗಲು ರಸ್ತೆಯ ಎರಡೂ ಬದಿಯ ಜಮೀನು ಏನಾಗುತ್ತಿದೆಯೆಂದು ಅಷ್ಟು ಗಟ್ಟಿಯಾಗಿ ಕೇಳಲಿಲ್ಲ. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಹೊಸ ರೆಸಾರ್ಟಿಗೆ ನಿರ್ಬಂಧ, ಹೊಲವನ್ನು ವಾಣಿಜ್ಯಕ್ಕೆ ತಿರುಗಿಸಲು ತಡೆ. ಕಾಗದದಲ್ಲಿ ಇಷ್ಟು. ಹಂಗಳ, ಮಂಗಲದ ಕಡೆ ಹೋದರೆ ಹೋಮ್‌ಸ್ಟೇ ಫಲಕಗಳು ಬೇರೆಯದನ್ನೇ ಹೇಳುತ್ತವೆ. ಹಂಚಿನ ಮನೆಗೆ ಒಂದು ಕೋಣೆ ಸೇರಿಸಿದವನೂ ಹೋಮ್‌ಸ್ಟೇ, ಈಜುಕೊಳ ತೋಡಿಸಿದವನೂ ಹೋಮ್‌ಸ್ಟೇ. ಕೊಳವೆಬಾವಿಗಳು ಅಂತರ್ಜಲವನ್ನು ಹಿಂಡಿಹಾಕಿರುವ ತಾಲ್ಲೂಕಿದು. ಮಳೆ ಕೈಕೊಟ್ಟ ವರ್ಷ ರಸ್ತೆ ಪಕ್ಕದ ಎರಡೆಕರೆಗೆ ಗಿರಾಕಿ ಬಂದರೆ ಬೇಡ ಎನ್ನಲು ರೈತನಿಗೆ ಯಾವ ಆಧಾರವಿದೆ? ಮಾರಿಕೊಂಡವನನ್ನು ಬೈಯುವುದು ಸುಲಭ.

ವಯನಾಡಿನಲ್ಲಿ ಚುನಾವಣೆ ಬಂದಾಗಲೆಲ್ಲ ಗೇಟಿನ ಮಾತು ಏಳುತ್ತದೆ. 2025ರ ಏಪ್ರಿಲ್‌ನಲ್ಲಿ ನಿಷೇಧ ಸಡಿಲಿಸಬಾರದೆಂದು ಪರಿಸರಾಸಕ್ತರು ಇಲ್ಲಿ ಪಾದಯಾತ್ರೆ ನಡೆಸಿದರು.

ಜುಲೈ ಹೊತ್ತಿಗೆ ಗುಂಡ್ಲುಪೇಟೆಯ ಹೆದ್ದಾರಿ ಬದಿಯಲ್ಲಿ ಸೂರ್ಯಕಾಂತಿ ಅರಳುತ್ತದೆ. ಕೇರಳದ ಕಾರುಗಳು ಸಾಲಾಗಿ ನಿಲ್ಲುತ್ತವೆ, ಹೊಲದೊಳಗೆ ಇಳಿದು ಫೋಟೊ ತೆಗೆದುಕೊಳ್ಳಲು ತಲೆಗೆ ಇಷ್ಟೆಂದು ರೈತರು ಪುಡಿಗಾಸು ವಸೂಲು ಮಾಡುತ್ತಾರೆ. ಸಂಜೆ ಕಾರುಗಳು ಒಂಬತ್ತರೊಳಗೆ ಕಾಡು ದಾಟಲು ದೌಡಾಯಿಸುತ್ತವೆ. ಕಾಡಂಚಿನ ಹೊಲದವನು ಟಾರ್ಚ್ ಹಿಡಿದು ಅಟ್ಟಣೆ ಹತ್ತುತ್ತಾನೆ. ಆನೆ ಬರುವ ಹೊತ್ತು, ಗೇಟು ಏಳುವ ತನಕ ಅವನಿಗೂ ನಿದ್ದೆಯಿಲ್ಲ.