ಪದ ಪರಿಚಯ: ಕವರೇಜ್

‘ಹಿಡೀತೈತೇನ್ರಿ?’ ಹುಬ್ಬಳ್ಳಿ-ಧಾರವಾಡದ ಕಡೆ ರೇಡಿಯೋದ ಕವರೇಜ್ ವಿಚಾರಿಸುವುದು ಹೀಗೆ. ಬರಹದಲ್ಲಿ ಅದು ‘ಪ್ರಸಾರ ವ್ಯಾಪ್ತಿ’. ವ್ಯಾಪ್ತಿ ಎಂದರೆ ನಕ್ಷೆಯ ಮೇಲಿನ ವರ್ತುಲ ಕಣ್ಣ ಮುಂದೆ ಬರುತ್ತದೆ: ನಡುವೆ 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿ, ಸುತ್ತ ಗದಗ, ಹಾವೇರಿ. ಶಾಲೆಗೆ ತುರ್ತು ಎಚ್ಚರಿಕೆ ಮುಟ್ಟಿಸುವಾಗ ಆ ವರ್ತುಲ ಸಾಲದು. ಕಟ್ಟಕಡೆಯ ಕೋಣೆಯಲ್ಲಿ ಹಿಡೀತೈತೋ ಇಲ್ಲೋ, ಅಷ್ಟೇ ಪ್ರಶ್ನೆ.

ಡಿಜಿಟಲ್ ರೇಡಿಯೋದಲ್ಲಿ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಹಳೆಯ ಸೆಟ್ಟಿನಲ್ಲಿ ಸಿಗ್ನಲ್ ಸೊರಗಿದರೆ ಗರಗರ ಹೆಚ್ಚುತ್ತದೆ. ಆದರೂ ‘ಮಲಪ್ರಭಾ’, ‘ನೀರು’ ಎಂಬೆರಡು ಮಾತು ಕಿವಿಗೆ ಬಿದ್ದರೆ ಸಾಕು, 2019ರ ಆಗಸ್ಟಿನ ಪ್ರವಾಹ ಕಂಡ ನರಗುಂದ ತಾಲ್ಲೂಕಿನ ಕೊಣ್ಣೂರಿನವರಿಗೆ ಉಳಿದದ್ದು ತಿಳಿಯುತ್ತದೆ. ಡಿಜಿಟಲ್ ಧ್ವನಿ ಒಂದು ಮಿತಿಯವರೆಗೆ ಸ್ವಚ್ಛ, ಅದರಾಚೆ ತುಂಡುತುಂಡು, ಆಮೇಲೆ ಮೌನ. ಎಚ್ಚರಿಕೆ ಬರಲಿಲ್ಲವೋ, ಬಂದದ್ದು ಹಿಡಿಯಲಿಲ್ಲವೋ, ಮೇಷ್ಟ್ರಿಗೆ ಗೊತ್ತಾಗದು.

ಹಾಗೆಂದು ಡಿಜಿಟಲ್ ರೇಡಿಯೋ ಬಿಡುವಂತಿಲ್ಲ. ಆಕಾಶವಾಣಿಯ ಹಲವು ಮೀಡಿಯಂ ವೇವ್ ಕೇಂದ್ರಗಳು ಬಳಸುವ ಡಿಆರ್‌ಎಂ (ಡಿಜಿಟಲ್ ರೇಡಿಯೋ ಮೊಂಡಿಯಾಲ್) ಎಂಬ ಡಿಜಿಟಲ್ ಪ್ರಸಾರ ಪದ್ಧತಿಯಲ್ಲಿ ತುರ್ತು ಎಚ್ಚರಿಕೆಯ ಸೌಲಭ್ಯವಿದೆ. ಅದನ್ನು ಅರಿಯುವ ಸೆಟ್ಟು ತಾನಾಗಿ ಎಚ್ಚರಿಕೆಯ ಪ್ರಸಾರಕ್ಕೆ ಹೊರಳುತ್ತದೆ, ಪರದೆಯ ಮೇಲೆ ಹಲವು ಭಾಷೆಗಳಲ್ಲಿ ಬರಹವನ್ನೂ ತೋರಿಸುತ್ತದೆ. ಕಿವಿ ಕೇಳದ ಮಗುವಿಗೂ ಸುದ್ದಿ ಮುಟ್ಟುತ್ತದೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಶಾಲೆಯಲ್ಲಿ ರೇಡಿಯೋ ಹಿಡಿಯುತ್ತದೆಯೇ ಎಂಬ ಪರೀಕ್ಷೆ ಆಟದ ಮೈದಾನದಲ್ಲಿ ಮುಗಿಯಬಾರದು. ಆರ್‌ಸಿಸಿ ಗೋಡೆ, ತಗಡಿನ ಚಾವಣಿ ಸಿಗ್ನಲ್ ತಗ್ಗಿಸುತ್ತವೆ. ಮೀಡಿಯಂ ವೇವ್‌ಗೆ ಅದಕ್ಕಿಂತ ಕಾಟ ಕೊಡುವುದು ಕಂಪ್ಯೂಟರ್ ಕೋಣೆಯ ಯುಪಿಎಸ್, ಅಗ್ಗದ ಎಲ್‌ಇಡಿ ದೀಪ, ಬೋರ್‌ವೆಲ್ ಮೋಟಾರು. ಅವೆಲ್ಲ ಚಾಲೂ ಇದ್ದಾಗ ಒಮ್ಮೆ ನೋಡಬೇಕು. ಕರೆಂಟ್ ತೆಗೆದು, ಬ್ಯಾಟರಿಯ ಮೇಲೆ ಮತ್ತೊಮ್ಮೆ. ಪ್ರತಿ ಕೋಣೆಯಲ್ಲೂ ಕೆಲ ನಿಮಿಷ ನಿಂತು ಧ್ವನಿ ಎಷ್ಟು ಸಲ ಕಡಿಯಿತೆಂದು ಬರೆದುಕೊಳ್ಳಬೇಕು. ಇಡೀ ಶಾಲೆಯ ಸರಾಸರಿ ತೆಗೆದರೆ ಕೆಟ್ಟ ಕೋಣೆ ಅದರಲ್ಲಿ ಮುಚ್ಚಿಹೋಗುತ್ತದೆ.

ವಸತಿ ಶಾಲೆಗಳಲ್ಲಿ ರಾತ್ರಿಯ ಪರೀಕ್ಷೆ ಬೇರೆಯೇ ಬೇಕು. ಕತ್ತಲಾದ ಮೇಲೆ ಮೀಡಿಯಂ ವೇವ್ ತರಂಗ ಆಕಾಶದ ಅಯಾನು ಪದರಕ್ಕೆ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ತಾಗಿ ಮರಳುತ್ತದೆ. ಕೇಂದ್ರದಿಂದ ದೂರದ ಊರುಗಳಲ್ಲಿ ಅದು ನೆಲದ ಗುಂಟ ಬಂದ ತರಂಗದೊಂದಿಗೆ ಕೂಡಿ ಸಿಗ್ನಲ್ ಏರಿಳಿಯುತ್ತದೆ. ಹಗಲು ಸ್ಟಾಫ್ ರೂಮಿನಲ್ಲಿ ಹಿಡಿದದ್ದು ರಾತ್ರಿ ಮಕ್ಕಳು ಮಲಗುವ ಹಾಲಿನಲ್ಲಿ ಹಿಡಿಯದಿರಬಹುದು.