ಬೀಚಲ್ಲಿ ಕಂಡ ಬಿಳೀ ಹಕ್ಕಿ ಸೈಬೀರಿಯಾದ್ದಾ? ಈ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ

ಪ್ರಶ್ನೆ: ‘ಸರ್, ನಿನ್ನೆ ಸಂಜೆ ತಣ್ಣೀರುಬಾವಿ ಹತ್ರ ನದೀ ಬದಿ ದೊಡ್ಡ ಬಿಳೀ ಹಕ್ಕಿ ಕಾಣ್ತು, ಫೋಟೋ ಕಳ್ಸಿದೀನಿ. ಇದು ಚಳಿಗಾಲಕ್ಕೆ ಸೈಬೀರಿಯಾದಿಂದ ಬರೋ ಅಪರೂಪದ ಕೊಕ್ಕರೆ ಅಲ್ವಾ?’

ಅಲ್ಲ. ಫೋಟೋದಲ್ಲಿರೋದು ದೊಡ್ಡ ಬೆಳ್ಳಕ್ಕಿ. ಮಂಗಳೂರಲ್ಲೂ ಇದೆ, ಕುಂದಾಪುರದಲ್ಲೂ ಇದೆ, ಜೂನ್ ತಿಂಗಳಲ್ಲೂ ಇರುತ್ತೆ, ಆಗ ನಾವು ಬೀಚಿಗೆ ಹೋಗಲ್ಲ ಅಷ್ಟೆ.

ಇಷ್ಟಕ್ಕೇ ಮುಗಿಸ್ಬಹುದಿತ್ತು, ಆದ್ರೆ ಪ್ರತಿ ಡಿಸೆಂಬರಲ್ಲೂ ಇದನ್ನೇ ಬರೆದು ಬರೆದು ಸಾಕಾಗಿದೆ, ಹಾಗಾಗಿ ಈ ಸಲ ಸೈಬೀರಿಯಾ ಕಥೇನ ಬುಡಸಮೇತ ಕಿತ್ತು ಹಾಕೋಣ. ನಮ್ಮಲ್ಲಿ ಉದ್ದ ಕಾಲಿನ ಬಿಳೀ ಹಕ್ಕಿ ಯಾವುದೇ ಕಂಡ್ರೂ ಅದಕ್ಕೆ ಸೈಬೀರಿಯಾದ ವಿಳಾಸ ಬರೆದುಬಿಡ್ತೀವಿ. ಸೈಬೀರಿಯನ್ ಕ್ರೇನ್ ಅನ್ನೋ ಹಕ್ಕಿ ಇರೋದು ನಿಜ, ಸುಮಾರು ನಾಲ್ಕೂವರೆ ಅಡಿ ಎತ್ತರ, ಮೈಯೆಲ್ಲ ಬಿಳಿ, ಮುಖ ಕೆಂಪು, ಹಾರುವಾಗ ಮಾತ್ರ ರೆಕ್ಕೆ ತುದಿಯ ಕಪ್ಪು ಕಾಣೋದು. ಅದು ಭಾರತಕ್ಕೆ ಬರ್ತಿದ್ದದ್ದೂ ನಿಜ, ಆದ್ರೆ ಎಲ್ಲಿಗೆ? ರಾಜಸ್ಥಾನದ ಭರತ್‌ಪುರಕ್ಕೆ. ದಾರಿಯುದ್ದಕ್ಕೂ ಬೇಟೆ, ಇಳಿದು ಸುಧಾರಿಸಿಕೊಳ್ತಿದ್ದ ಕೆರೆಗಳು ಹಾಳಾದದ್ದು, ಹೀಗೆ ವರ್ಷಾವರ್ಷ ಕಮ್ಮಿ ಆಗ್ತಾ ಬಂದು 2002ರಲ್ಲಿ ಅಲ್ಲಿ ಕಂಡದ್ದೇ ಕೊನೆ. ಈಗ ಉಳಿದಿರೋವು ಹೆಚ್ಚೂಕಮ್ಮಿ ಎಲ್ಲಾ ಚಳಿಗಾಲ ಕಳೆಯೋದು ಚೀನಾದ ಪೊಯಾಂಗ್ ಸರೋವರದಲ್ಲಿ. ಅಂದ್ರೆ ನಿಮಗೆ ಅಳಿವೆ ಹತ್ರ ಕಂಡದ್ದು ನಿಜವಾಗ್ಲೂ ಅದೇ ಆಗಿದ್ರೆ ಇಷ್ಟೊತ್ತಿಗೆ ದೇಶದ ಪಕ್ಷಿವೀಕ್ಷಕರೆಲ್ಲ ಟ್ರೈಪಾಡ್ ಹೊತ್ಕೊಂಡು ಮಂಗಳೂರಿನ ರೈಲು ಹತ್ತಿರ್ತಿದ್ರು.

ಇನ್ನೂ ಡೌಟಿದ್ರೆ ಹಾರೋದನ್ನ ನೋಡಿ. ಬೆಳ್ಳಕ್ಕಿ ಕೊರಳು ಮಡಚಿ, ತಲೆ ಹೆಗಲೊಳಗೆ ಹುದುಗಿಸ್ಕೊಂಡು ಹಾರುತ್ತೆ. ಕ್ರೇನು ಕೊರಳು ನೀಟಾಗಿ ಚಾಚಿ ಹಾರೋದು. ಇನ್ನೊಂದು, ನೀವು ನೋಡಿದ ಹಕ್ಕಿ ಮರದ ಕೊಂಬೆ ಮೇಲೆ ಕೂತಿತ್ತಾ? ಹಾಗಾದ್ರೆ ಮುಗೀತು, ಈ ಕ್ರೇನ್ ಮರದ ಮೇಲೆ ಕೂರಲ್ಲ, ಅದರ ಹಿಂಬೆರಳು ಗಿಡ್ಡ, ಮೇಲಕ್ಕೆ ಇರೋದ್ರಿಂದ ಕೊಂಬೆ ಹಿಡಿಯೋಕೇ ಆಗಲ್ಲ.

ಇದರ ಬಾಲಂಗೋಚಿ ಇನ್ನೊಂದಿದೆ, ‘ಹೆರಿಗೆಗೆ ತವರಿಗೆ ಬರೋ ಹಾಗೆ ದೂರದೇಶದ ಹಕ್ಕಿಗಳು ಇಲ್ಲಿಗೆ ಬಂದು ಮರಿ ಮಾಡಿ ಹೋಗ್ತವೆ’ ಅಂತ, ಓದೋಕೆ ಚೆನ್ನಾಗಿದೆ ಮಾರಾಯ್ರೆ, ಆದ್ರೆ ಪೂರ್ತಿ ಉಲ್ಟಾ. ಉತ್ತರದಿಂದ ಬರೋ ಚಳಿಗಾಲದ ವಲಸೆ ಹಕ್ಕಿ ಗೂಡು ಕಟ್ಟಿ ಮರಿ ಮಾಡೋದು ಅಲ್ಲೇ, ಬೇಸಿಗೇಲಿ. ಇಲ್ಲಿಗೆ ಬರೋದು ಹೊಟ್ಟೆಪಾಡಿಗೆ, ಯಾಕಂದ್ರೆ ಅಲ್ಲಿ ನೆಲ ನೀರು ಎಲ್ಲ ಹೆಪ್ಪುಗಟ್ಟಿ ಹುಳ ಏಡಿ ಯಾವುದೂ ಸಿಗಲ್ಲ. ಇಲ್ಲೇ ಗೂಡು ಕಟ್ಟಿ ಮರಿ ಸಾಕ್ತಿದ್ರೆ ಅದು ನಮ್ಮದೇ ಹಕ್ಕಿ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಹಾಗೇ. ಅವು ಗೂಡಿನ ಸೀಸನ್ನಿಗೆ ಒಟ್ಟು ಸೇರ್ತವೆ, ಮುಗಿದ ಮೇಲೆ ನಮ್ಮ ಕೆರೆ ಹೊಳೆಗಳಿಗೇ ಚದುರಿ ಹೋಗ್ತವೆ, ಪಾಸ್‌ಪೋರ್ಟ್ ಏನೂ ಬೇಕಿಲ್ಲ.

ಹಾಗಾದ್ರೆ ಸೈಬೀರಿಯಾದಿಂದ ಯಾವ ಹಕ್ಕೀನೂ ಬರಲ್ವಾ? ಬರುತ್ತೆ, ನೀವು ಅದನ್ನ ದಾಟ್ಕೊಂಡೇ ಬೆಳ್ಳಕ್ಕಿ ಫೋಟೋ ತೆಗ್ಯೋಕೆ ಹೋಗಿರ್ತೀರಿ. ಇಳಿತ ಇದ್ದಾಗ ಕೋಡಿಬೆಂಗ್ರೆ ಕಡೆಯ ಕೆಸರು ದಂಡೆ ನೋಡಿ, ಮುಷ್ಟಿ ಗಾತ್ರದ ಬೂದು ಹಕ್ಕಿ, ಕೊಕ್ಕು ಸ್ವಲ್ಪ ಕೆಳಕ್ಕೆ ಬಾಗಿದೆ, ಹೊಲಿಗೆ ಮಿಷನ್ ಸೂಜಿ ಥರ ಕೆಸರು ಕುಕ್ತಾನೇ ಇರುತ್ತೆ. ಅದು ಕರ್ಲ್ಯೂ ಸ್ಯಾಂಡ್‌ಪೈಪರ್, ಹುಟ್ಟಿದ್ದು ಆರ್ಕ್‌ಟಿಕ್ ಸೈಬೀರಿಯಾದ ಟಂಡ್ರಾ ಅನ್ನೋ ಮರವಿಲ್ಲದ ಚಳಿ ಬಯಲಲ್ಲಿ. ಅಲೆ ಹಿಂದೆ ಸರಿದ ಕೂಡ್ಲೇ ಓಡಿಹೋಗಿ ಏನೋ ಹೆಕ್ಕಿ, ಮುಂದಿನ ಅಲೆ ಬರೋದ್ರೊಳಗೆ ಓಡಿ ಬರೋ ಪುಟ್ಟ ಬಿಳಿಬೂದು ಹಕ್ಕಿ ಸ್ಯಾಂಡರ್‌ಲಿಂಗ್, ಅದೂ ಆರ್ಕ್‌ಟಿಕ್ಕಿಂದೇ. ಇಷ್ಟು ದೂರದಿಂದ ಬಂದ್ರೂ ಇವೆರಡನ್ನೂ ಅಪರೂಪ ಅನ್ನೋ ಹಾಗಿಲ್ಲ. ಇನ್ನು ಬೋಟಿನ ಹಿಂದೆ ಕಿರುಚ್ಕೊಂಡು ಹೋಗೋ ಸೀಗಲ್‌ಗಳಲ್ಲಿ ಕಂದುತಲೆಯ ಗಲ್ ಅಂತ ಒಂದಿದೆ, ಅದು ಮರಿ ಮಾಡೋ ಜಾಗಗಳಲ್ಲಿ ನಮ್ಮ ಲಡಾಖಿನ ಸರೋವರಗಳೂ ಸೇರಿವೆ. ‘ಸರ್ ತಲೆ ಕಂದೇ ಇಲ್ವಲ್ಲಾ’ ಅಂತ ಕೇಳೋಕ್ಮುಂಚೆ ಹೇಳ್ಬಿಡ್ತೀನಿ, ಚಳಿಗಾಲದಲ್ಲಿ ತಲೆ ಬಿಳಿ ಆಗುತ್ತೆ, ಕಿವಿ ಹತ್ರ ಒಂದು ಕಪ್ಪು ಮಚ್ಚೆ ಮಾತ್ರ ಉಳಿಯುತ್ತೆ.

ಈಗ ನಿಜವಾದ ಅಪರೂಪಕ್ಕೆ ಬರೋಣ. ಏಡಿ ತಿನ್ನೋ ಕ್ರ್ಯಾಬ್ ಪ್ಲೋವರ್ ಅಂತ ಒಂದಿದೆ, ಕಪ್ಪು ಬಿಳುಪು ಮೈ, ದಪ್ಪ ಕಪ್ಪು ಕೊಕ್ಕು. ಅದು ಬರೋದು ಉತ್ತರದಿಂದ ಅಲ್ಲ, ಪಶ್ಚಿಮದಿಂದ, ಒಮಾನ್, ಪರ್ಷಿಯನ್ ಕೊಲ್ಲಿ ಕಡೆಯಿಂದ. ಮರಳಲ್ಲಿ ಬಿಲ ತೋಡಿ ಮೊಟ್ಟೆ ಇಡೋ ಹಕ್ಕಿ, ಮೊಟ್ಟೆಗೆ ಬೇಕಾದ ಶಾಖದ ಬಹುಪಾಲು ಬಿಸಿ ಮರಳೇ ಕೊಡುತ್ತೆ. ಕಚ್ಛ್ ಕೊಲ್ಲೀಲಿ ಗುಂಪುಗುಂಪಾಗಿರುತ್ತೆ, ನಮ್ಮ ತೀರದಲ್ಲಿ ಒಂದು ಕಂಡ್ರೂ ಸುದ್ದಿ. ಕೆಂಪು ಸಮುದ್ರ, ಅರೇಬಿಯಾ ತೀರದ ಸೂಟಿ ಗಲ್ ಕೂಡ ಹಾಗೇ, ಯಾವಾಗ್ಲೋ ಒಂದು ಈ ಕಡೆ ಬರುತ್ತೆ. ದೂರ ಲೆಕ್ಕ ಹಾಕಿದ್ರೆ ಇವು ಸಮುದ್ರದಾಚೆಯ ನೆರೆಮನೆಯವು, ಆದ್ರೂ ಅಪರೂಪ. ಹಕ್ಕಿ ಎಷ್ಟು ದೂರದಿಂದ ಬಂತು ಅನ್ನೋದಕ್ಕೂ ಅದು ಅಪರೂಪವಾ ಅನ್ನೋದಕ್ಕೂ ಸಂಬಂಧ ಇಲ್ಲ, ಆ ಜಾತಿ ಮಾಮೂಲಾಗಿ ಬರೋ ದಾರಿ ನಮ್ಮ ತೀರ ಹೌದಾ ಅಲ್ವಾ, ಅಷ್ಟೇ ನೋಡೋದು.

ಅಂಥದ್ದು ಸಿಕ್ತು ಅನ್ಸಿದ್ರೆ ಪಕ್ಕದಿಂದ ಒಂದು ಫೋಟೋ, ರೆಕ್ಕೆ ಬಿಚ್ಚಿದಾಗ ಒಂದು, ಕೊಕ್ಕು ಕಾಲಿನ ಬಣ್ಣ, ಜಾಗ, ತಾರೀಕು, ಇಷ್ಟನ್ನ ಹಕ್ಕಿ ಕಂಡದ್ದನ್ನ ದಾಖಲಿಸೋ ವೆಬ್‌ಸೈಟ್ ಈಬರ್ಡ್‌ಗೆ ಹಾಕಿ. ಆ ಜಾಗಕ್ಕೆ ಅಪರೂಪದ್ದಾದ್ರೆ ರಿವ್ಯೂ ಮಾಡೋರು ಅವರೇ ಕೇಳ್ತಾರೆ. ದೊಡ್ಡ ಜಾತಿಯ ಗಲ್ ಆದ್ರೆ ಆತುರ ಬೇಡ, ಮರಿ ಬಣ್ಣ ಬಿಟ್ಟು ಪೂರ್ತಿ ಬಲಿತ ಬಣ್ಣಕ್ಕೆ ಬರೋಕೆ ಅವಕ್ಕೆ ಸುಮಾರು ನಾಲ್ಕು ವರ್ಷ ಬೇಕು, ಹಾಗಾಗಿ ನಿಮ್ಮ ‘ಹೊಸ ಜಾತಿ’ ಹಳೇ ಜಾತಿಯ ಹುಡುಗ ಆಗಿರ್ಬಹುದು.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಅಪರೂಪದ ಹಕ್ಕಿಗೆ ಚಳಿಗಾಲಾನೇ ಯಾಕೆ ಕಾಯ್ತೀರಿ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಆಳಸಮುದ್ರದಲ್ಲಿ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್ ಅನ್ನೋ, ಮೈನಾಗಿಂತ ಸಣ್ಣ ಕಪ್ಪು ಹಕ್ಕಿ ನೀರಿಗೆ ಕಾಲು ತಾಗಿಸ್ತಾ ಹಾರ್ತಿರುತ್ತೆ. ಅದು ಮರಿ ಮಾಡೋದು ಅಂಟಾರ್ಕ್‌ಟಿಕಾ ಕಡೆ. ನಮ್ಮ ಮಳೆಗಾಲ ಅದಕ್ಕೆ ಚಳಿಗಾಲ, ನಮ್ಮ ಕಡಲು ಅದಕ್ಕೆ ಬೆಚ್ಚನೆ ಜಾಗ. ಸೈಬೀರಿಯಾ ಸೈಬೀರಿಯಾ ಅಂತೀರಲ್ಲ, ಇದು ಅದಕ್ಕಿಂತ ದೂರದ್ದು.

ಗಾಳಿಮಳೆ ಜೋರಾದಾಗ ಇಂಥ ಕಡಲ ಹಕ್ಕಿಗಳು, ಮಾಸ್ಕ್‌ಡ್ ಬೂಬಿ ಥರದ ದೊಡ್ಡವೂ, ಸುಸ್ತಾಗಿ ದಡಕ್ಕೆ ಬಂದು ಬೀಳ್ತವೆ. ಆಗ ದಯವಿಟ್ಟು ವಾಪಸ್ ನೀರಿಗೆ ಎಸೀಬೇಡಿ, ಹಾರೋ ಶಕ್ತಿ ಇದ್ದಿದ್ರೆ ದಡಕ್ಕೇ ಬರ್ತಿರ್ಲಿಲ್ಲ. ಬಾಯಿಗೆ ನೀರು ಹುಯ್ಯೋದಂತೂ ಬೇಡವೇ ಬೇಡ, ಬೂಬಿಗೆ ಹೊರಗೆ ಕಾಣೋ ಮೂಗಿನ ಹೊಳ್ಳೆಗಳೇ ಇಲ್ಲ, ಉಸಿರಾಡೋದು ಬಾಯಿಂದ. ಅದೇ ಕಾರಣಕ್ಕೆ ಕೊಕ್ಕಿಗೆ ರಬ್ಬರ್‌ಬ್ಯಾಂಡ್ ಬಿಗಿದು ಕಟ್ಟೋದೂ ಬೇಡ. ಬಟ್ಟೆ ಹಾಕಿ ಹಿಡಿದು, ತೂತು ಮಾಡಿದ ರಟ್ಟಿನ ಡಬ್ಬದಲ್ಲಿಟ್ಟು, ಕತ್ತಲಾಗಿರೋ ಕಡೆ ಸುಮ್ನೆ ಬಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಸೆಲ್ಫಿ ಆಮೇಲೆ. ಹಿಡಿಯುವಾಗ ಮುಖ ದೂರ ಇಟ್ಕೊಳ್ಳಿ, ಬೂಬಿಯ ಕೊಕ್ಕು ಚೂರಿಯಷ್ಟೇ ಚೂಪು, ಅದು ಕಣ್ಣಿಗೇ ಗುರಿ ಇಡುತ್ತೆ.